ಪ್ರೀತಿಯ ಹೆಸರಿನ ಕ್ರಿಪ್ಟೊ ವಂಚನೆ: ಹೋದ ಹಣಕ್ಕಾಗಿ ಯಾವ ಬಾಗಿಲನ್ನು ಮೊದಲು ತಟ್ಟಬೇಕು?

ಮೊಬೈಲಿನಲ್ಲಿ ಪರಿಚಯ ಮಾಡಿಕೊಂಡು, ತಿಂಗಳುಗಟ್ಟಲೆ ಅಕ್ಕರೆಯ ಮಾತನಾಡಿ, ಮದುವೆಯ ಆಸೆಯನ್ನೂ ಹುಟ್ಟಿಸಿ, ಕೊನೆಗೆ ಕ್ರಿಪ್ಟೊ ಹೂಡಿಕೆಯ ನೆಪದಲ್ಲಿ ಹಣ ದೋಚುವ ವಂಚನೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮನೆಗಳನ್ನೂ ಮುಟ್ಟಿದೆ. ಮೋಸ ಹೋದವರ ಮುಂದೆ ಒಂದೇ ದಿನದಲ್ಲಿ ಹಲವು ಸಲಹೆಗಳು ಬಂದು ನಿಲ್ಲುತ್ತವೆ. ಬ್ಯಾಂಕಿನವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎನ್ನುತ್ತಾರೆ, ಊರಿನ ಠಾಣೆಯವರು ಜಿಲ್ಲಾ ಕೇಂದ್ರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ಎನ್ನುತ್ತಾರೆ, ನೆಂಟರು ವಕೀಲರನ್ನು ಕಾಣಿ ಎನ್ನುತ್ತಾರೆ, ಟೆಲಿಗ್ರಾಂನಲ್ಲಿ ಯಾರೋ ಅಪರಿಚಿತರು ಸ್ವಲ್ಪ ಶುಲ್ಕ ಕೊಟ್ಟರೆ ಪೂರ್ತಿ ಹಣ ತಂದುಕೊಡುತ್ತೇವೆ ಎನ್ನುತ್ತಾರೆ. ಈ ದಾರಿಗಳು ಸಮಾನವಾದವುಗಳಲ್ಲ. ಕೆಲವು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಫಲ ಕೊಡುತ್ತವೆ, ಕೆಲವಕ್ಕೆ ತಿಂಗಳುಗಳೇ ಬೇಕು, ಒಂದಂತೂ ಉಳಿದ ಹಣವನ್ನೂ ನುಂಗುತ್ತದೆ. ಯಾವುದನ್ನು ಆರಿಸಬೇಕು ಎಂಬುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ: ಹಣ ಯಾವ ದಾರಿಯಲ್ಲಿ ಹೋಯಿತು, ಮತ್ತು ಹೋಗಿ ಎಷ್ಟು ಹೊತ್ತಾಯಿತು.

ಹಣ ಹೋದ ದಾರಿ

ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರನ್ನು ಉದಾಹರಣೆಯಾಗಿ ಊಹಿಸಿಕೊಳ್ಳೋಣ. ಪತ್ನಿಯನ್ನು ಕಳೆದುಕೊಂಡಿದ್ದಾರೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಕಾಫಿ ಮಾರಿದ ಹಣ ಖಾತೆಗೆ ಬಂದಿದೆ. ಸಿಂಗಾಪುರದಲ್ಲಿ ಕೆಲಸದಲ್ಲಿದ್ದೇನೆ ಎನ್ನುವ ಮಹಿಳೆಯೊಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಪರಿಚಯವಾಗುತ್ತಾಳೆ. ಮೊದಲು ಯುಪಿಐ ಮೂಲಕ 20,000 ರೂಪಾಯಿ ಹಾಕಿಸಿ, ಕೆಲವೇ ದಿನಗಳಲ್ಲಿ ಲಾಭವೆಂದು 3,000 ರೂಪಾಯಿ ವಾಪಸು ಕಳುಹಿಸುತ್ತಾರೆ. ನಂಬಿಕೆ ಬಂದ ಮೇಲೆ ಯಾವುದೋ ಕಂಪನಿಯ ಕರೆಂಟ್ ಖಾತೆಗೆ 6 ಲಕ್ಷ ರೂಪಾಯಿ ಆರ್‌ಟಿಜಿಎಸ್ ಆಗುತ್ತದೆ. ಆಮೇಲೆ ಭಾರತದ್ದೇ ಒಂದು ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ (ಕ್ರಿಪ್ಟೊ ಕೊಳ್ಳುವ, ಮಾರುವ ತಾಣ) ಖಾತೆ ತೆರೆಸಿ, ಯುಎಸ್‌ಡಿಟಿ (ಡಾಲರ್ ಬೆಲೆಗೆ ಹೊಂದಿಸಿದ ಕ್ರಿಪ್ಟೊ ನಾಣ್ಯ) ಕೊಳ್ಳಿಸಿ, ಅದನ್ನು ಒಂದು ವ್ಯಾಲೆಟ್ (ಕ್ರಿಪ್ಟೊ ಇಡುವ ಡಿಜಿಟಲ್ ಪರ್ಸ್) ವಿಳಾಸಕ್ಕೆ ಕಳುಹಿಸಿಕೊಳ್ಳುತ್ತಾರೆ. ವಂಚಕರು ಕೊಟ್ಟ ಹೂಡಿಕೆಯ ಆ್ಯಪ್‌ನಲ್ಲಿ ಕೋಟಿ ರೂಪಾಯಿ ಕಾಣಿಸುತ್ತದೆ, ತೆಗೆಯಲು ಹೋದರೆ ಮೊದಲು ಶೇಕಡಾ 30 ತೆರಿಗೆ ಕಟ್ಟಬೇಕು ಎನ್ನುತ್ತಾರೆ.

ಈ ಕೊನೆಯ ಬೇಡಿಕೆಯೇ ವಂಚನೆಗೆ ಸಾಕಾದ ಪುರಾವೆ. ಕ್ರಿಪ್ಟೊ ಲಾಭದ ಮೇಲೆ ಶೇಕಡಾ 30 ಆದಾಯ ತೆರಿಗೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದು ನಿಜ. ಆದರೆ ಅದನ್ನು ನಾವೇ ನಮ್ಮ ಪ್ಯಾನ್ ಮೂಲಕ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೇವೆಯೇ ಹೊರತು, ಹಣ ಬಿಡಿಸಿಕೊಳ್ಳಲು ಆ್ಯಪ್‌ನವರ ಖಾತೆಗೆ ಮುಂಗಡವಾಗಿ ಹಾಕುವುದಿಲ್ಲ. ಆ ಹಂತದಲ್ಲಿರುವವರು ಇನ್ನೊಂದು ರೂಪಾಯಿಯನ್ನೂ ಕಳುಹಿಸಬಾರದು.

ಈ ಒಂದೇ ಕಥೆಯಲ್ಲಿ ಯುಪಿಐ, ಆರ್‌ಟಿಜಿಎಸ್, ಕ್ರಿಪ್ಟೊ ಎಂಬ ಮೂರು ದಾರಿಗಳಿವೆ, ಮತ್ತು ಮೂರಕ್ಕೂ ಪರಿಹಾರದ ಬಾಗಿಲು ಬೇರೆ. ಆದುದರಿಂದ ಒಂದು ಹಾಳೆಯಲ್ಲಿ ಪ್ರತಿಯೊಂದು ಪಾವತಿಯ ದಿನಾಂಕ, ಸಮಯ, ಮೊತ್ತ, ಯುಟಿಆರ್ ಸಂಖ್ಯೆ (ಬ್ಯಾಂಕ್ ಪ್ರತಿ ಪಾವತಿಗೆ ಕೊಡುವ ಗುರುತಿನ ಸಂಖ್ಯೆ), ಹಣ ಪಡೆದ ಖಾತೆ ಅಥವಾ ಯುಪಿಐ ವಿಳಾಸವನ್ನು ಬರೆದುಕೊಳ್ಳಿ. ಕ್ರಿಪ್ಟೊ ಕಳುಹಿಸಿದ್ದರೆ ವ್ಯಾಲೆಟ್ ವಿಳಾಸವನ್ನೂ ವಹಿವಾಟಿನ ಹ್ಯಾಶ್ ಸಂಖ್ಯೆಯನ್ನೂ (ಆ ವಹಿವಾಟನ್ನು ಗುರುತಿಸುವ ಉದ್ದದ ಅಕ್ಷರ-ಅಂಕಿಗಳ ಸಾಲು) ನಕಲು ಮಾಡಿಟ್ಟುಕೊಳ್ಳಿ. ಇವನ್ನು ಕೈಯಲ್ಲಿ ಬರೆಯುವಾಗ ಒಂದು ಅಕ್ಷರ ತಪ್ಪಿದರೂ ತನಿಖೆ ದಾರಿ ತಪ್ಪುತ್ತದೆ. ಕಾಪಿ ಮಾಡಿ ಮುದ್ರಿಸಿಕೊಳ್ಳುವುದೇ ಸರಿ.

ಮೊದಲ ಗಂಟೆಗಳು: 1930, ಬ್ಯಾಂಕ್ ಶಾಖೆ, ಸಿಇಎನ್ ಠಾಣೆ

ಹಣ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಿದ್ದು, ಅದೂ ಈಚೆಗೆ ಹೋಗಿದ್ದರೆ, 1930ಕ್ಕೆ ಸಾಟಿಯಾದ ದಾರಿ ಬೇರೊಂದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2021ರಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಪೊಲೀಸರೂ ಬ್ಯಾಂಕುಗಳೂ ಪಾವತಿ ಸಂಸ್ಥೆಗಳೂ ಒಂದೇ ಜಾಲದಲ್ಲಿವೆ. ದೂರು ದಾಖಲಾದ ಕೂಡಲೇ ಹಣ ಪಡೆದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲಿದ್ದರೆ ಅದನ್ನು ತಡೆಹಿಡಿಯುತ್ತಾರೆ, ಮುಂದಿನ ಖಾತೆಗೆ ಹೋಗಿದ್ದರೆ ಸೂಚನೆಯೂ ಅದನ್ನು ಹಿಂಬಾಲಿಸುತ್ತದೆ. ವಂಚಕರು ಬಾಡಿಗೆಗೆ ಪಡೆದ ಖಾತೆಗಳ ಸರಪಳಿಯಲ್ಲಿ ಹಣವನ್ನು ಒಂದರಿಂದ ಮತ್ತೊಂದಕ್ಕೆ ಬೇಗ ಬೇಗ ಸರಿಸುತ್ತಾ ಹೋಗುವುದರಿಂದ, ಮರುದಿನ ಬೆಳಿಗ್ಗೆ ಬ್ಯಾಂಕ್ ತೆರೆಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಕಳಸ, ಶೃಂಗೇರಿ, ಸಕಲೇಶಪುರದ ಒಳಗಿನ ಎಸ್ಟೇಟುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದೇ ಕಷ್ಟ. ಅಂಥವರು ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತುವ ಮೊದಲು ಸಿಗ್ನಲ್ ಸಿಗುವ ಜಾಗಕ್ಕೆ ಬಂದು ಈ ಕರೆ ಮುಗಿಸಬೇಕು. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೇರವಾಗಿ ದೂರು ಸಲ್ಲಿಸಬಹುದು. ಕರೆ ಮಾಡಿದವರೂ ತಮಗೆ ಬಂದ ಸ್ವೀಕೃತಿ ಸಂಖ್ಯೆಯನ್ನು ಬಳಸಿ ಅದೇ ಜಾಲತಾಣದಲ್ಲಿ ಪೂರ್ಣ ವಿವರವನ್ನು ತಡಮಾಡದೆ ತುಂಬಬೇಕು.

ಬ್ಯಾಂಕ್ ಶಾಖೆಯ ಪಾತ್ರ ಇದಕ್ಕಿಂತ ಚಿಕ್ಕದು, ಆದರೂ ಬಿಡುವಂಥದ್ದಲ್ಲ. ವ್ಯವಸ್ಥಾಪಕರಿಗೆ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಇಲ್ಲಿ ಹಲವರು ಒಂದು ತಪ್ಪು ನಿರೀಕ್ಷೆ ಇಟ್ಟುಕೊಂಡಿರುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ ಎಂಬ ಮಾತನ್ನು ಅವರು ಕೇಳಿರುತ್ತಾರೆ. ಅದು ಗ್ರಾಹಕರ ಅರಿವಿಲ್ಲದೆ ಮೂರನೆಯವರಿಂದ ನಡೆದ ಅನಧಿಕೃತ ವಹಿವಾಟಿಗೆ ಮಾಡಿದ ನಿಯಮ. ಪ್ರೀತಿಯ ವಂಚನೆಯಲ್ಲಿ ಪಿನ್ ಒತ್ತಿದವರು, ಆರ್‌ಟಿಜಿಎಸ್ ಅರ್ಜಿಗೆ ಸಹಿ ಹಾಕಿದವರು ನಾವೇ. ಹಾಗಿರುವಾಗ ನನಗೆ ಗೊತ್ತಿಲ್ಲದೆ ಹಣ ಹೋಯಿತು ಎಂದು ಬರೆದುಕೊಟ್ಟರೆ, ದಾಖಲೆ ನೋಡಿದ ಮರುಕ್ಷಣ ದೂರಿನ ಉಳಿದ ಭಾಗದ ಮೇಲೂ ಅನುಮಾನ ಬರುತ್ತದೆ. ಮೋಸದಿಂದ ನನ್ನನ್ನು ನಂಬಿಸಿ ಹಣ ಕಳುಹಿಸಿಕೊಂಡರು ಎಂದೇ ಬರೆಯಬೇಕು; ಕಾನೂನಿನ ಕಣ್ಣಿನಲ್ಲಿ ಅದೂ ಪೂರ್ಣ ಪ್ರಮಾಣದ ಅಪರಾಧವೇ.

ಸಿಇಎನ್ ಠಾಣೆ ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೆಯ ಕಲಮಿನಂತೆ ಆ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಪಿಎಸ್‌ಐ ಮಾತ್ರ ಇರುವ ಗ್ರಾಮೀಣ ಠಾಣೆಯವರು ಜಿಲ್ಲಾ ಕೇಂದ್ರಕ್ಕೆ ಹೋಗಿ ಎನ್ನುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ದೂರನ್ನೇ ಪಡೆಯದೆ ಕಳುಹಿಸುವುದು ಸರಿಯಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು, ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು ಎನ್ನುತ್ತದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂದೂ ಹೇಳುತ್ತದೆ. ಬೆಂಗಳೂರಿನ ಪಿಜಿಯಲ್ಲಿದ್ದಾಗ ಹಣ ಕಳೆದುಕೊಂಡ ಚನ್ನರಾಯಪಟ್ಟಣದ ಯುವಕ ಊರಿನಲ್ಲೇ ದೂರು ಕೊಡಬಹುದು. ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಲಿಖಿತವಾಗಿ ಕಳುಹಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

1930ರ ದೂರು ಹಣವನ್ನು ನಿಲ್ಲಿಸುತ್ತದೆ; ಎಫ್‌ಐಆರ್ ಆ ಹಣವನ್ನು ಕೇಳುವ ಹಕ್ಕಿಗೆ ಆಧಾರವಾಗುತ್ತದೆ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟವರು ಆಮೇಲೆ ಬಹಳ ಒದ್ದಾಡುತ್ತಾರೆ. ಖಾತೆಯಲ್ಲಿ ತಡೆಹಿಡಿದ ಹಣ ತಾನಾಗಿಯೇ ನಮ್ಮ ಖಾತೆಗೆ ಬರುತ್ತದೆ ಎಂದುಕೊಂಡು ಸುಮ್ಮನೆ ಕೂರುವುದು ಸಾಮಾನ್ಯ.

ದೂರಿನಲ್ಲಿ ಪ್ರೀತಿಯ ಭಾಗವನ್ನು ಮುಚ್ಚಿಟ್ಟು, ಬರೀ ಷೇರು ಹೂಡಿಕೆ ಎಂದು ಬರೆಸುವವರಿದ್ದಾರೆ. ಚಿಕ್ಕ ಊರಿನಲ್ಲಿ ನಾಲ್ಕು ಜನರಿಗೆ ತಿಳಿದರೆ ಏನೆಂದಾರು ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ನಂಬಿಕೆ ಹುಟ್ಟಿಸಿದ ಆ ಸಂಭಾಷಣೆಯೇ ವಂಚನೆಯ ಮುಖ್ಯ ಸಾಕ್ಷ್ಯ. ಅದನ್ನು ಅಳಿಸಿದರೆ ಉಳಿಯುವುದು ನಾವೇ ಇಷ್ಟಪಟ್ಟು ಕಳುಹಿಸಿದ ಹಣದ ಪಟ್ಟಿ ಮಾತ್ರ. ಚಾಟ್ ಅಳಿಸಬೇಡಿ, ಆ ಫೋನನ್ನು ಮಾರಬೇಡಿ. ಖಾಸಗಿ ಚಿತ್ರಗಳನ್ನು ಹಿಡಿದುಕೊಂಡು ಬೆದರಿಸುತ್ತಿದ್ದರೆ ಅದನ್ನೂ ಹೇಳಿ. ಸುಲಿಗೆ ಪ್ರತ್ಯೇಕ ಅಪರಾಧ, ಮತ್ತು ಒಮ್ಮೆ ಹಣ ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ.

ಯುಎಸ್‌ಡಿಟಿಯಾಗಿ ಹೋದ ಹಣ

ಕ್ರಿಪ್ಟೊ ಒಮ್ಮೆ ಹೋದರೆ ಮುಗಿಯಿತು ಎಂಬ ಮಾತೂ, ಕ್ರಿಪ್ಟೊ ವಹಿವಾಟುಗಳ ಸಾರ್ವಜನಿಕ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್‌ನಲ್ಲಿ ಎಲ್ಲವೂ ಕಾಣುವುದರಿಂದ ವಾಪಸು ಬಂದೇ ಬರುತ್ತದೆ ಎಂಬ ಮಾತೂ ಪೂರ್ತಿ ಸರಿಯಲ್ಲ. ವಹಿವಾಟನ್ನು ಹಿಂದಕ್ಕೆ ತಿರುಗಿಸುವುದು ಯಾರಿಂದಲೂ ಆಗದು. ಆದರೆ ಅದು ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಹೋಯಿತೆಂಬುದು ಸಾರ್ವಜನಿಕ ದಾಖಲೆ. ಯುಎಸ್‌ಡಿಟಿ ಓಡಾಡುವ ಜಾಲಗಳಲ್ಲಿ, ಟಿ ಅಕ್ಷರದಿಂದ ಶುರುವಾಗುವ ಟ್ರಾನ್ ವಿಳಾಸವಾದರೆ ಟ್ರಾನ್‌ಸ್ಕ್ಯಾನ್‌ ಜಾಲತಾಣದಲ್ಲಿ, ಸೊನ್ನೆ ಮತ್ತು ಎಕ್ಸ್‌ನಿಂದ ಶುರುವಾಗುವ ಇಥೀರಿಯಂ ವಿಳಾಸವಾದರೆ ಈಥರ್‌ಸ್ಕ್ಯಾನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಹಣ ಕೊನೆಗೆ ಯಾವುದಾದರೂ ಎಕ್ಸ್‌ಚೇಂಜ್‌ನ ಠೇವಣಿ ವಿಳಾಸಕ್ಕೆ ಬಂದು ನಿಂತರೆ, ಆ ಸಂಸ್ಥೆ ಪೊಲೀಸರ ಕೋರಿಕೆಯ ಮೇಲೆ ಖಾತೆಯನ್ನು ತಡೆಹಿಡಿಯಬಹುದು. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಗೆ ಯಾವುದೇ ವಿಳಾಸದಲ್ಲಿರುವ ಯುಎಸ್‌ಡಿಟಿಯನ್ನು ಸ್ಥಗಿತಗೊಳಿಸುವ ಶಕ್ತಿ ಇದೆ, ತನಿಖಾ ಸಂಸ್ಥೆಗಳ ಕೋರಿಕೆಯ ಮೇಲೆ ಅದನ್ನು ಬಳಸಿದ್ದೂ ಇದೆ. ಬಿಟ್‌ಕಾಯಿನ್‌ಗೆ ಹಾಗೆ ತಡೆಯುವ ಕಂಪನಿಯೇ ಇಲ್ಲ. ಆದ್ದರಿಂದ ಯಾವ ನಾಣ್ಯ ಕಳುಹಿಸಿದಿರಿ ಎಂಬುದೂ ನಿಮ್ಮ ಸಾಧ್ಯತೆಯನ್ನು ಬದಲಿಸುತ್ತದೆ.

ಇಲ್ಲಿ ಎಕ್ಸ್‌ಚೇಂಜ್‌ಗೆ ನಾವೇ ಬರೆಯುವುದು, ಪೊಲೀಸರ ಮೂಲಕ ಬರೆಸುವುದು ಎಂಬ ಎರಡು ಆಯ್ಕೆಗಳಿವೆ. ನಮ್ಮ ಇ-ಮೇಲ್‌ಗೆ ಹೆಚ್ಚೆಂದರೆ ತಾತ್ಕಾಲಿಕ ಎಚ್ಚರಿಕೆ ಗುರುತು ಸಿಗಬಹುದು, ಆದರೆ ಅದು ಕೂಡಲೇ ತಲುಪುತ್ತದೆ. ಪೊಲೀಸರ ನೋಟಿಸು ನಿಧಾನ, ಆದರೆ ಅದಕ್ಕೆ ಮಾತ್ರ ಕಾನೂನಿನ ಬಲವಿದೆ. ಮೊದಲನೆಯದನ್ನು ಅದೇ ದಿನ ಮಾಡಿ, ಅದರ ಪ್ರತಿಯನ್ನು ತನಿಖಾಧಿಕಾರಿಗೆ ಕೊಟ್ಟು ಎರಡನೆಯದಕ್ಕೆ ಒತ್ತಾಯಿಸುವುದು ಸರಿಯಾದ ಕ್ರಮ. ಭಾರತದಲ್ಲಿ ವ್ಯವಹರಿಸುವ ಎಕ್ಸ್‌ಚೇಂಜ್‌ಗಳು 2023ರ ಮಾರ್ಚ್‌ನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿರುವುದರಿಂದ ಗ್ರಾಹಕರ ಗುರುತಿನ ದಾಖಲೆಗಳನ್ನು ಇಟ್ಟುಕೊಳ್ಳಲೇಬೇಕು. ವಿದೇಶಿ ಎಕ್ಸ್‌ಚೇಂಜ್ ಆದರೆ ದಾರಿ ಉದ್ದವಾಗುತ್ತದೆ. ವಂಚಕರ ಸ್ವಂತ ವ್ಯಾಲೆಟ್‌ನಲ್ಲಿ ಬಿಟ್‌ಕಾಯಿನ್ ರೂಪದಲ್ಲಿ ಕೂತಿದ್ದರೆ, ಈಗಿನ ಮಟ್ಟಿಗೆ ಅದನ್ನು ಸಿಗದ ಹಣವೆಂದು ಎಣಿಸಿಯೇ ಮನೆಯ ಲೆಕ್ಕ ಹಾಕಬೇಕು.

ಎಷ್ಟು ಸಿಗಬಹುದೆಂಬ ಅಂದಾಜಿಗೆ ಒಂದು ದೊಡ್ಡ ಪ್ರಕರಣ ನೆರವಾಗುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಲ್ಕ್‌ಹಾರ್ಟ್ ಎಂಬ ರೈತರ ಸಣ್ಣ ಊರಿನಲ್ಲಿದ್ದ ಹಾರ್ಟ್‌ಲ್ಯಾಂಡ್ ಟ್ರೈ-ಸ್ಟೇಟ್ ಬ್ಯಾಂಕ್ 2023ರಲ್ಲಿ ಮುಳುಗಿತು. ಅದರ ಮುಖ್ಯಸ್ಥರೇ ಆನ್‌ಲೈನ್ ಕ್ರಿಪ್ಟೊ ವಂಚಕರನ್ನು ನಂಬಿ ಬ್ಯಾಂಕಿನ ಸುಮಾರು 4.7 ಕೋಟಿ ಡಾಲರ್ ಕಳುಹಿಸಿಬಿಟ್ಟಿದ್ದರು. ಎಫ್‌ಬಿಐಗೆ ಅದರಲ್ಲಿ ಸುಮಾರು 80 ಲಕ್ಷ ಡಾಲರ್ ಯುಎಸ್‌ಡಿಟಿ ಸಿಕ್ಕಿತು, ಅದನ್ನು ಬ್ಯಾಂಕಿನಲ್ಲಿ ಷೇರು ಇಟ್ಟಿದ್ದ ಊರಿನವರಿಗೆ ಮರಳಿಸಲಾಯಿತು. ಅಷ್ಟು ದೊಡ್ಡ ತನಿಖಾ ಸಂಸ್ಥೆಗೂ ದಕ್ಕಿದ್ದು ಆರರಲ್ಲಿ ಒಂದು ಪಾಲಿನ ಆಸುಪಾಸು. ಹೀಗಿರುವಾಗ ಪೂರ್ತಿ ಹಣಕ್ಕೆ ಖಾತರಿ ಕೊಡುವ ಮಾತು ಯಾರ ಬಾಯಿಂದ ಬಂದರೂ ನಂಬಬಾರದು.

ತಡೆಹಿಡಿದ ಹಣ ಕೈಗೆ ಬರುವುದು

ಬ್ಯಾಂಕಿನಲ್ಲಿ ಹಣ ನಿಂತಿದೆ ಎಂದು ತಿಳಿದ ಮೇಲೆ ಮುಖ್ಯ ದಾರಿ ನ್ಯಾಯಾಲಯ. ಸುರಕ್ಷಾ ಸಂಹಿತೆಯ 503ನೆಯ ಕಲಮಿನ ಅಡಿ, ಅಂದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 457ರ ಜಾಗದಲ್ಲಿ ಬಂದಿರುವ ಕಲಮಿನಂತೆ, ಎಫ್‌ಐಆರ್ ಇರುವ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ, ತಡೆಹಿಡಿದ ಮೊತ್ತವನ್ನು ನಮ್ಮ ಖಾತೆಗೆ ಬಿಡುಗಡೆ ಮಾಡುವಂತೆ ಕೇಳಬೇಕು. ತನಿಖಾಧಿಕಾರಿಯ ವರದಿ ಬರುತ್ತದೆ, ನಾವು ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಒಂದೇ ಖಾತೆಗೆ ಹಲವರ ಹಣ ಬಂದಿದ್ದರೆ ಪಾಲಿನ ಪ್ರಶ್ನೆ ಏಳುತ್ತದೆ. ಅದೇ ಸಂಹಿತೆಯ 107ನೆಯ ಕಲಮಿನಲ್ಲಿ ಅಪರಾಧದಿಂದ ಬಂದ ಸ್ವತ್ತನ್ನು ಜಪ್ತಿ ಮಾಡಿ ಜಿಲ್ಲಾ ಮ್ಯಾಜಿಸ್ಟ್ರೇಟರ ಮೂಲಕ ಸಂತ್ರಸ್ತರಿಗೆ ಹಂಚುವ ವ್ಯವಸ್ಥೆಯೂ ಇದೆ.

ವಕೀಲರ ಶುಲ್ಕ ಹೊರೆಯಾಗುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬೇಕು. ತಾಲ್ಲೂಕು ಮಟ್ಟದಲ್ಲೂ ಅದರ ಸಮಿತಿಗಳಿವೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಮಿತಿಯೊಳಗಿನ ಆದಾಯದವರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ವಂಚಕರಿಗೆ ಖಾತೆ ಬಾಡಿಗೆಗೆ ಕೊಟ್ಟು ಬಂಧಿತರಾದವರ ಕಡೆಯವರು ಜಾಮೀನಿಗಾಗಿ ಸ್ವಲ್ಪ ಹಣ ಕೊಡುತ್ತೇವೆ, ದೂರು ಹಿಂಪಡೆಯಿರಿ ಎಂದು ಬಂದರೆ ಹೊರಗೆ ಒಪ್ಪಂದ ಮಾಡಿಕೊಳ್ಳಬೇಡಿ; ಹಣ ಪಡೆಯುವುದಾದರೆ ನ್ಯಾಯಾಲಯದ ಎದುರೇ ಆಗಲಿ.

ಬ್ಯಾಂಕ್ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ), ಗ್ರಾಹಕರ ಆಯೋಗ, ಸಿವಿಲ್ ದಾವೆ ಈ ಮೂರೂ ಎರಡನೆಯ ಸಾಲಿನವು. ಬ್ಯಾಂಕ್ ನಮ್ಮ ದೂರಿಗೆ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಸಮಯಕ್ಕೆ ಸರಿಯಾಗಿ ತಿಳಿಸಿದರೂ ಹಣ ತಡೆಯದೆ ಕೈಚೆಲ್ಲಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಒಳ್ಳೆಯ ಆಯ್ಕೆ, ಖರ್ಚೂ ಇಲ್ಲ. ಸೇವೆಯ ಲೋಪಕ್ಕೆ ಪರಿಹಾರವನ್ನೂ ಕೇಳಬೇಕೆನ್ನುವವರಿಗೆ ಎರಡು ವರ್ಷಗಳ ಅವಧಿಯೊಳಗೆ ಗ್ರಾಹಕರ ಆಯೋಗವಿದೆ. ಸಿವಿಲ್ ದಾವೆಗೆ ಪ್ರತಿವಾದಿಯ ಹೆಸರು, ವಿಳಾಸ ಬೇಕು. ಬಾಡಿಗೆ ಖಾತೆಯ ಮಾಲೀಕರು ಪತ್ತೆಯಾಗಿ, ಅವರ ಬಳಿ ಆಸ್ತಿಯೂ ಇದ್ದರೆ ಮಾತ್ರ ನ್ಯಾಯಾಲಯ ಶುಲ್ಕ ಕಟ್ಟುವುದಕ್ಕೆ ಅರ್ಥವಿದೆ.

ಹಣ ಮರಳಿಸಿಕೊಡುತ್ತೇವೆ ಎನ್ನುವವರು

ಈ ಆಯ್ಕೆಯ ಬಗ್ಗೆ ಮಾತ್ರ ನಾನು ಹೋಲಿಕೆ ಮಾಡದೆ ಬೇಡ ಎನ್ನುತ್ತೇನೆ. ಮೋಸ ಹೋದವರ ಹೆಸರು, ಸಂಖ್ಯೆ, ಕಳೆದುಕೊಂಡ ಮೊತ್ತ ಮೊದಲ ವಂಚಕರ ಬಳಿ ಇರುತ್ತದೆ; ಅವರೇ, ಅಥವಾ ಅವರಿಂದ ಆ ಪಟ್ಟಿಯನ್ನು ಕೊಂಡವರು, ಕೆಲವು ವಾರಗಳ ನಂತರ ಕ್ರಿಪ್ಟೊ ತಜ್ಞರಾಗಿ, ಎಥಿಕಲ್ ಹ್ಯಾಕರ್ ಆಗಿ, ವಿದೇಶಿ ಕಾನೂನು ಸಂಸ್ಥೆಯಾಗಿ, ಕೆಲವೊಮ್ಮೆ ಸಿಬಿಐ ಅಥವಾ ರಿಸರ್ವ್ ಬ್ಯಾಂಕಿನ ಅಧಿಕಾರಿಯಾಗಿ ಮರಳುತ್ತಾರೆ. ನಾವು ಕಳೆದುಕೊಂಡ ಮೊತ್ತವನ್ನು ನಿಖರವಾಗಿ ಹೇಳುವುದರಿಂದಲೇ ನಂಬಿಕೆ ಹುಟ್ಟುತ್ತದೆ. ನಿಮ್ಮ ಯುಎಸ್‌ಡಿಟಿ ಪತ್ತೆಯಾಗಿದೆ, ಬಿಡುಗಡೆ ಶುಲ್ಕ ಮಾತ್ರ ಬಾಕಿ ಎನ್ನುತ್ತಾರೆ. ನಕಲಿ ಸಂಸ್ಥೆಗಳು ವಕೀಲರ ವೇಷದಲ್ಲಿ ಸಂತ್ರಸ್ತರನ್ನು ಹುಡುಕಿಕೊಂಡು ಬರುತ್ತಿವೆ ಎಂದು ಎಫ್‌ಬಿಐ ಕೂಡ ಎಚ್ಚರಿಸಿದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಅವರೇ ನಮ್ಮನ್ನು ಸಂಪರ್ಕಿಸಿರುತ್ತಾರೆ. ಮುಂಗಡ ಕೇಳುತ್ತಾರೆ, ಅದೂ ಬಹುಪಾಲು ಯುಎಸ್‌ಡಿಟಿ ರೂಪದಲ್ಲಿ. ವ್ಯಾಲೆಟ್‌ನ ರಹಸ್ಯ ಪದಗಳನ್ನು ಕೇಳುತ್ತಾರೆ, ಇಲ್ಲವೇ ದೂರದಿಂದಲೇ ನಮ್ಮ ಫೋನನ್ನು ನಿಯಂತ್ರಿಸುವ ಎನಿಡೆಸ್ಕ್‌ನಂತಹ ಆ್ಯಪ್ ಹಾಕಿಸುತ್ತಾರೆ. ಬ್ಲಾಕ್‌ಚೈನ್ ಜಾಡು ಹಿಡಿಯುವ ನಿಜವಾದ ಕಂಪನಿಗಳು ಜಗತ್ತಿನಲ್ಲಿವೆ. ಆದರೆ ಅವರ ವರದಿ ಹಣವನ್ನು ತರುವುದಿಲ್ಲ, ಹಣ ಎಲ್ಲಿದೆ ಎಂದು ತೋರಿಸುತ್ತದೆ ಅಷ್ಟೆ. ಬಿಡಿಸುವ ಅಧಿಕಾರ ಎಕ್ಸ್‌ಚೇಂಜ್, ಪೊಲೀಸ್, ನ್ಯಾಯಾಲಯಗಳದ್ದು. ಒಡವೆ ಅಡವಿಟ್ಟು ಮೊದಲ ಹಣ ಕಳುಹಿಸಿದ ಮನೆ, ಎರಡನೆಯ ಸಲ ಜಮೀನಿನ ಪತ್ರ ಹಿಡಿದು ಸಾಲಕ್ಕೆ ಹೊರಡುವುದನ್ನು ತಡೆಯಲು ಮನೆಯವರಿಗೆ ಮೊದಲೇ ಎಲ್ಲವನ್ನೂ ಹೇಳಿಬಿಡುವುದು ಒಳ್ಳೆಯದು.

ನಮ್ಮದೇ ಖಾತೆ ಸ್ಥಗಿತವಾದರೆ

ಆರಂಭದಲ್ಲಿ ಲಾಭವೆಂದು ಬಂದ ಆ 3,000 ರೂಪಾಯಿ ಬೇರೊಬ್ಬ ಸಂತ್ರಸ್ತರ ಹಣವಾಗಿರಬಹುದು. ಅವರು ಎಲ್ಲೋ ದೂರು ಕೊಟ್ಟರೆ ಕಾಫಿ ಹಣ ಬರುವ ನಮ್ಮ ಖಾತೆಯೇ ಸ್ಥಗಿತವಾಗುತ್ತದೆ. ಆಗ ಶಾಖೆಯಲ್ಲಿ ಯಾವ ರಾಜ್ಯದ ಯಾವ ಠಾಣೆ, ಯಾವ ದೂರಿನ ಸಂಖ್ಯೆ, ಎಷ್ಟು ಮೊತ್ತ ಎಂಬುದನ್ನು ಲಿಖಿತವಾಗಿ ಪಡೆದು, ನಮ್ಮ ಎಫ್‌ಐಆರ್ ಪ್ರತಿಯೊಂದಿಗೆ ಆ ತನಿಖಾಧಿಕಾರಿಗೆ ಬರೆಯಬೇಕು. ವಿವಾದಿತ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದದ್ದನ್ನು ಬಿಡಿ ಎಂದು ಕೇಳಬೇಕು. ಮೊದಲೇ ದೂರು ಕೊಟ್ಟವರಿಗೆ ಇದು ಸುಲಭ, ಸುಮ್ಮನಿದ್ದವರು ವಂಚಕರ ಸರಪಳಿಯ ಒಂದು ಕೊಂಡಿಯಂತೆ ಕಾಣಿಸುತ್ತಾರೆ.

ವರ್ಷ ಕಳೆದಿದ್ದರೆ

ತಡವಾದವರಿಗೆ 1930ರಿಂದ ಹಣ ನಿಲ್ಲುವ ಸಾಧ್ಯತೆ ತೀರಾ ಕಡಿಮೆ. ಆದರೂ ಎಫ್‌ಐಆರ್ ಮಾಡಿಸುವುದೇ ನನ್ನ ಸಲಹೆ, ಏಕೆಂದರೆ ಈ ಜಾಲಗಳ ಮೂಲ ಹೆಚ್ಚಾಗಿ ಕಾಂಬೋಡಿಯ, ಮ್ಯಾನ್ಮಾರ್‌ಗಳಲ್ಲಿದ್ದು, ದೊಡ್ಡ ಜಪ್ತಿಗಳು ವರ್ಷಗಳ ನಂತರ ನಡೆಯುತ್ತವೆ. 2025ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಇಂತಹ ವಂಚನೆಗಳಿಗೆ ಸಂಬಂಧಿಸಿದ 22.5 ಕೋಟಿ ಡಾಲರ್‌ಗೂ ಹೆಚ್ಚಿನ ಯುಎಸ್‌ಡಿಟಿಯ ಮುಟ್ಟುಗೋಲು ಕೋರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾಂಬೋಡಿಯದ ಪ್ರಿನ್ಸ್ ಗ್ರೂಪ್ ಅಧ್ಯಕ್ಷರ ವಿರುದ್ಧದ ಪ್ರಕರಣದಲ್ಲಿ 1,27,271 ಬಿಟ್‌ಕಾಯಿನ್‌ಗಳ ಮೇಲೆ ಮುಟ್ಟುಗೋಲಿನ ಮೊಕದ್ದಮೆ ಹೂಡಿತು. ಇಂಥ ಹಣದಲ್ಲಿ ಪಾಲು ಕೇಳುವ ಅವಕಾಶ ಬಂದರೆ, ತನ್ನ ಹಣ ಇಂಥ ವಿಳಾಸಕ್ಕೆ ಇಂಥ ದಿನ ಹೋಯಿತೆಂದು ದಾಖಲೆ ತೋರಿಸುವವರಿಗೆ ಮಾತ್ರ ಅದು ಉಪಯೋಗವಾಗುತ್ತದೆ. ಎಫ್‌ಬಿಐನ ಇಂಟರ್ನೆಟ್ ಅಪರಾಧ ದೂರು ಕೇಂದ್ರದ (ಐಸಿ3) ಜಾಲತಾಣ ಹೊರದೇಶದವರ ದೂರನ್ನೂ ಸ್ವೀಕರಿಸುತ್ತದೆ. ಹಣ ಅಮೆರಿಕದ ಎಕ್ಸ್‌ಚೇಂಜ್ ಮೂಲಕ ಹೋಗಿದ್ದರೆ ಅಲ್ಲಿಯೂ ದಾಖಲಿಸಿ, ಅದಕ್ಕೆ ಶುಲ್ಕವಿಲ್ಲ.

ತನಿಖೆ ಎಲ್ಲಿಗೆ ಬಂತೆಂಬುದನ್ನು ದೂರುದಾರರಿಗೆ 90 ದಿನಗಳೊಳಗೆ ತಿಳಿಸಬೇಕೆಂದು ಸುರಕ್ಷಾ ಸಂಹಿತೆಯ 193ನೆಯ ಕಲಮು ಹೇಳುತ್ತದೆ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಠಾಣೆಗೆ ಹೋಗಿ ಕೇಳಿ, ಮತ್ತು ದೂರಿನಲ್ಲಿ ಕೊಟ್ಟ ಮೊಬೈಲ್ ಸಂಖ್ಯೆ ಬದಲಾದರೆ ಹೊಸದನ್ನು ತನಿಖಾಧಿಕಾರಿಗೂ ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸಿ.